ಬಲೆ ಇರುವವರೆಗೆ

ಮಳೆಗಾಲದಲ್ಲಿ ನಮ್ಮ ತಂಡ ಒಂದೇ ಒಂದು ಪಂದ್ಯವನ್ನೂ ಸೋತಿಲ್ಲ. ಸ್ಕೋರ್ ಪುಸ್ತಕ ಬರೆದವಳು ನಾನು, ಎದೆ ತಟ್ಟಿ ಹೇಳುತ್ತೇನೆ. ಜೂನ್ ತಿಂಗಳಲ್ಲಿ ಮಾಜಾಳಿಯ ಸಮುದ್ರ ಕೆಂಪಾಗಿ ದಂಡೆ ತಿನ್ನಲು ಶುರುಮಾಡಿದ ಕೂಡಲೇ ದೋಣಿ ಮೇಲಕ್ಕೆ ಬರುತ್ತಿತ್ತು, ಬಲೆ ಚಪ್ಪರದೊಳಕ್ಕೆ ಹೋಗುತ್ತಿತ್ತು, ಅದರ ಹಿಂದೆಯೇ ಗಂಡಸರೆಲ್ಲ ಒಳಗೆ ಹೋಗಿ ಕೂತುಬಿಡುತ್ತಿದ್ದರು. ಕೈ ಬಲೆಯ ಹರಕು ಹುಡುಕುತ್ತಿತ್ತು, ಬಾಯಿ ಕ್ರಿಕೆಟ್ ಆಡುತ್ತಿತ್ತು. ಆಷಾಢ ಮುಗಿಯುವಷ್ಟರಲ್ಲಿ ಕಾರವಾರದ ಕಪ್ ನಮ್ಮದಾಗಿರುತ್ತಿತ್ತು, ಶ್ರಾವಣದಲ್ಲಿ ಅಂಕೋಲೆಯದು. ಚೌತಿಯ ಹೊತ್ತಿಗೆ ಗಡಿ ದಾಟಿ ಗೋವಾದ ತಂಡಗಳಿಗೂ ಮಣ್ಣು ಮುಕ್ಕಿಸಿ ಬಂದಿರುತ್ತಿದ್ದೆವು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುತ್ತಾರೆ ಎಂದು ನನ್ನನ್ನು ಹೆತ್ತ ಆಯಿ ಗೊಣಗುತ್ತಿದ್ದಳು. ಹೊಲಿಸಿದರೆ ಏನಾಯಿತು? ಮೀನಿಲ್ಲದೆ, ಬಿಸಿಲಿಲ್ಲದೆ ತಿಂಗಳುಗಟ್ಟಲೆ ಕೂತವರಿಗೆ ಒಂದು ಕುಲಾವಿಯಾದರೂ ಬೇಡವೇ?

ನಮ್ಮದು ಕೈರಂಪಣಿಯ ಕುಟುಂಬ. ದೋಣಿಯೊಂದು ಬಲೆಯನ್ನು ಸಮುದ್ರದಲ್ಲಿ ಅರ್ಧ ಸುತ್ತು ಬಿಟ್ಟು ಬರುತ್ತದೆ. ಅದರ ಎರಡು ತುದಿಯ ಹಗ್ಗಗಳನ್ನು ದಂಡೆಯ ಮೇಲೆ ಎರಡು ಸಾಲು ಜನ ನಿಂತು ಎಳೆಯುತ್ತಾರೆ. ಬಂದ ಮೀನನ್ನು ಪಾಲು ಹಾಕಿಕೊಳ್ಳುತ್ತಾರೆ. ಬೆಳಿಗ್ಗೆ ಹಗ್ಗ ಎಳೆದವರೇ ಸಂಜೆ ಗಾಳಿಮರಗಳ ಹಿಂದಿನ ಬಯಲಿನಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ ಆಡುತ್ತಿದ್ದರು. ಹಗ್ಗದ ಮುಂದಾಳು ನನ್ನ ದಾದಾ, ಅಂದರೆ ಅಣ್ಣ. ತಂಡದ ಕ್ಯಾಪ್ಟನ್ನೂ ಅವನೇ.

ಇದು ಎರಡು ಸಾವಿರದ ಇಸವಿ ದಾಟಿದ ಮೇಲಿನ ವರ್ಷಗಳ ಮಾತು. ನಾನು ಅಂಕೋಲೆಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ದಿನಾ ಬೆಳಿಗ್ಗೆ ಮಾಜಾಳಿಯಿಂದ ಕಾಳಿ ಸೇತುವೆ ದಾಟಿ ಕಾರವಾರ, ಅಲ್ಲಿ ಬಸ್ಸು ಬದಲಿಸಿ ಅಂಕೋಲೆ. ಸಂಜೆ ಅದೇ ದಾರಿ ವಾಪಸ್ಸು. ಮೊದಲು ಸ್ಕೋರ್ ಬರೆಯುತ್ತಿದ್ದವನು ನಮ್ಮವರು ಔಟಾದಾಗಲೆಲ್ಲ ಸಿಟ್ಟಿನಿಂದ ಪೆನ್ಸಿಲ್ ಎಸೆದು ಎದ್ದು ಹೋಗುತ್ತಿದ್ದ. ಹೀಗೆ ಎರಡು ಪಂದ್ಯ ಕೆಟ್ಟ ಮೇಲೆ ದಾದಾ ಪುಸ್ತಕ ತಂದು ನನ್ನ ಮುಂದೆ ಹಾಕಿದ. ಮದುವೆಯ ವಯಸ್ಸು ಮೀರುತ್ತಿರುವ ಹೆಣ್ಣು ಗಂಡಸರ ಆಟದಲ್ಲಿ ಕುರ್ಚಿ ಹಾಕಿಕೊಂಡು ಕೂರುವುದೇ ಎಂದು ಕೇರಿಯಲ್ಲಿ ಮೂಗು ಮುರಿದರು. ಕುರ್ಚಿ ನಮ್ಮ ಮನೆಯದೇ, ಯಾರದ್ದೂ ಕೇಳಿ ತಂದದ್ದಲ್ಲ ಎಂದೆ. ಆಮೇಲೆ ಯಾರೂ ಎದುರಿಗೆ ಆಡಲಿಲ್ಲ.

ನಮ್ಮ ಬೌಲರನ್ನು ಮೊದಲು ಕಂಡದ್ದು ನಾನು. ಮೊದಲು ಕಂಡದ್ದು ತಾನು ಎಂದು ದಾದಾ ಈಗ ಹೇಳುತ್ತಾನೆ, ಸುಳ್ಳು. ಒಂದು ಸಂಜೆ ಅಂಕೋಲೆಯಲ್ಲಿ ಬಸ್ಸು ತಪ್ಪಿಹೋಗಿ, ಮುಂದಿನದು ಬರುವ ತನಕ ಮೈದಾನದ ಬದಿಗೆ ನಿಂತಿದ್ದೆ. ತೆಳ್ಳಗಿನ ಒಬ್ಬ ಬೌಲಿಂಗ್ ಮಾಡುತ್ತಿದ್ದ. ಉದ್ದದ ಓಟವೇನಿಲ್ಲ, ಎಣಿಸಿ ಆರು ಹೆಜ್ಜೆ. ಆರನೆಯ ಹೆಜ್ಜೆಗೆ ಕೈ ತಿರುಗಿತೆಂದರೆ ಚೆಂಡು ನೇರ ಬ್ಯಾಟಿನ ಬುಡಕ್ಕೆ ಬಂದು ಬೀಳುತ್ತಿತ್ತು. ಬ್ಯಾಟ್ ಹಿಡಿದವರು ಒಬ್ಬರಾದ ಮೇಲೆ ಒಬ್ಬರು ಕಾಲು ನೋಡಿಕೊಳ್ಳುತ್ತ ಹೊರಟು ಹೋಗುತ್ತಿದ್ದರು. ನಾನು ಮುಂದಿನ ಬಸ್ಸನ್ನೂ ಬಿಟ್ಟೆ.

ವಿಚಾರಿಸಿದರೆ ಅಗಸೂರಿನವನಂತೆ. ರೈತರ ಮನೆ, ಗದ್ದೆ ಸಣ್ಣದು, ಮೇಲೆ ಮೂವರು ಅಣ್ಣಂದಿರು. ಅವನ ಪಾಲಿಗೆ ಗದ್ದೆಯಲ್ಲಿ ಕೆಲಸವೂ ಉಳಿದಿರಲಿಲ್ಲ. ಆಗ ನಮ್ಮ ಕಡೆ ಹೊರಗಿನ ಆಟಗಾರ ಪಂದ್ಯಕ್ಕೆ ಮಾತ್ರ ಬರುತ್ತಿದ್ದ. ಶನಿವಾರ ಒಬ್ಬರಿಗೆ ಆಡಿ ಭಾನುವಾರ ಅವರ ವಿರುದ್ಧವೇ ಇನ್ನೊಬ್ಬರಿಗೆ ಆಡುವುದೂ ಇತ್ತು. ಇವನನ್ನೂ ನಾಲ್ಕು ತಂಡಗಳು ಹಾಗೆ ಕರೆಸಿಕೊಳ್ಳುತ್ತಿದ್ದವು. ನನ್ನ ಮಾತು ಕೇಳಿ ದಾದಾ ಅವನನ್ನು ಚಪ್ಪರಕ್ಕೆ ಕರೆತಂದ ದಿನ ಶ್ರಾವಣದ ಮಳೆ ಧೋ ಎಂದು ಸುರಿಯುತ್ತಿತ್ತು. ಹಳೆಯ ಬಲೆ ಪೂರಾ ಹಾಳಾಗಿ ಆ ವರ್ಷ ಹೊಸ ಬಲೆ ಕಟ್ಟುವ ಕೆಲಸ ನಡೆದಿತ್ತು.

"ಈ ಒಂದು ವರ್ಷಕ್ಕೆ ನಮಗೇ ಆಡು. ಹಗ್ಗಕ್ಕೂ ಬಾ, ಪಾಲು ಕೊಡ್ತೇವೆ," ಎಂದ ದಾದಾ.

ಮೂಲೆಯಲ್ಲಿ ಕೂತು ಬಲೆಗೆ ಗಂಟು ಹಾಕುತ್ತಿದ್ದ ಅಪ್ಪ ತಲೆ ಎತ್ತಿದ. ಅಪ್ಪ ಮೊದಲು ಹಗ್ಗದ ಮುಂದಾಳಾಗಿದ್ದವನು, ವಯಸ್ಸಾದ ಮೇಲೆ ದಾದಾನಿಗೆ ಬಿಟ್ಟುಕೊಟ್ಟಿದ್ದ. "ಒಂದು ವರ್ಷಕ್ಕೆ ಅಂತ ಹಗ್ಗಕ್ಕೆ ಯಾರನ್ನಾದ್ರೂ ಸೇರಿಸಿದ್ದು ನೋಡಿದ್ಯಾ? ಒಂದು ವರ್ಷದವ ಎಳೀತಾ ಎಳೀತಾ ಪಕ್ಕದ ಹಗ್ಗ ನೋಡ್ತಾ ಇರ್ತಾನೆ. ಹೊಸ ಬಲೆ ಆಗ್ತಾ ಇದ್ಯಲ್ಲ, ಅದಕ್ಕೇ ಸೇರಿಸು," ಎಂದ.

ನಮ್ಮ ದಂಡೆಯ ಹಳೆಯ ಪದ್ಧತಿ ಅದು. ಹೊಸ ಬಲೆ ಕಟ್ಟಿದಾಗ ಹಗ್ಗಕ್ಕೆ ಸೇರಿದವನು ಆ ಬಲೆ ಹಾಳಾಗಿ ಹೋಗುವ ತನಕ ಆ ಹಗ್ಗದವನೇ. ಜ್ವರ ಬಂದು ಮಲಗಿದರೂ, ಕಾಲು ಮುರಿದರೂ ಅವನ ಪಾಲಿನ ಮೀನು ಅವನ ಮನೆಗೆ ಹೋಗಬೇಕು. ಹಾಗೆಯೇ ಅವನೂ ಬೇರೆಯವರ ಹಗ್ಗ ಮುಟ್ಟುವಂತಿಲ್ಲ. ವರ್ಷದ ಲೆಕ್ಕವಿಲ್ಲ, ಬಲೆಯ ಆಯುಷ್ಯವೇ ಲೆಕ್ಕ. ಇದನ್ನು ಒಬ್ಬ ಕ್ರಿಕೆಟ್ ಆಟಗಾರನಿಗೆ ಅನ್ವಯಿಸಿದವರು ಜಗತ್ತಿನಲ್ಲಿ ನಾವೊಬ್ಬರೇ ಇರಬೇಕು.

ಅಕ್ಷರ ದುಂಡಗಿದೆ ಎಂದು ಬರೆಯುವ ಕೆಲಸ ನನಗೆ ಬಂತು. ಸ್ಕೋರ್ ಪುಸ್ತಕದ ಕೊನೆಯ ಹಾಳೆ ಹರಿದು ಬರೆದೆ: "ಈ ಬಲೆ ಇರುವವರೆಗೆ ಇವನು ನಮ್ಮ ತಂಡಕ್ಕೇ ಆಡತಕ್ಕದ್ದು. ಈ ಬಲೆ ಇರುವವರೆಗೆ ಇವನ ಪಾಲು ಇವನಿಗೆ ಸಲ್ಲತಕ್ಕದ್ದು." ಕಚೇರಿಯ ಭಾಷೆ ಕೈಗೆ ಅಂಟಿತ್ತು. ಒಂದು ತೆಂಗಿನಕಾಯಿ ಇಟ್ಟು ಎಲ್ಲರೂ ಸಹಿ ಹಾಕಿದರು. ಅವನು ಎರಡು ಸಲ ಓದಿ, "ಬಲೆ ಎಷ್ಟ್ ವರ್ಷ ಬಾಳ್ತದೆ?" ಎಂದು ಕೇಳಿದ.

"ನೋಡಿಕೊಂಡ್ರೆ ಐದೋ ಆರೋ. ನೋಡಿಕೊಳ್ಳದೇ ಇದ್ರೆ ಎರಡು," ಎಂದ ಅಪ್ಪ.

ಸುದ್ದಿ ಕಾರವಾರಕ್ಕೂ ಹೋಯಿತು. ಮದುವೆಗೂ ಇಷ್ಟು ಗಟ್ಟಿ ಕರಾರು ಇರುವುದಿಲ್ಲ, ಮಾಜಾಳಿಯವರು ಬೌಲರನ್ನು ಬಲೆಗೆ ಕಟ್ಟಿ ಹಾಕಿದ್ದಾರೆ ಎಂದು ಉಳಿದ ತಂಡದವರು ನಕ್ಕರು. ನಗಲಿ ಎಂದುಕೊಂಡೆ. ಆ ವರ್ಷದ ಪಂದ್ಯಗಳಲ್ಲಿ ಅವರ ಹೆಸರಿನ ಮುಂದೆ ಒಂದರ ಕೆಳಗೆ ಒಂದು ಸೊನ್ನೆ ಬರೆಯುವಾಗ ನನ್ನ ಪೆನ್ಸಿಲೂ ನಕ್ಕಿತು.

ಎರಡು ವರ್ಷ ಅವನು ನಮಗೆ ಆಡಿದ ಆಟವನ್ನು ನಾನು ಮರೆಯುವುದಿಲ್ಲ. ನಮ್ಮ ಪಕ್ಕದ ಮನೆಯ ಹಿಂದಿನ ಕೋಣೆಯಲ್ಲಿ ಉಳಿದುಕೊಂಡ. ಮೊದಲ ವಾರ ಹಗ್ಗ ಎಳೆದು ಅಂಗೈಯ ಚರ್ಮ ಸುಲಿದುಹೋಯಿತು, ಆದರೂ ಸಂಜೆ ಬೌಲಿಂಗ್ ಬಿಡಲಿಲ್ಲ. ಬಂಗಡೆ ಮೀನನ್ನೂ ತಾರಲೆ ಮೀನನ್ನೂ ಗುರುತಿಸಲು ಕಲಿತ, ನಮ್ಮ ಕೊಂಕಣಿಯಲ್ಲಿ ಬೈಯಲು ಅದಕ್ಕಿಂತ ಬೇಗ ಕಲಿತ. ಮೊದಲ ವರ್ಷ ಕಾರವಾರದಲ್ಲಿ ಫೈನಲ್ಲಿಗೆ ಹೋಗಿ ಸೋತೆವು. ಎರಡನೆಯ ವರ್ಷ ಊರ ಹತ್ತಿರದ ಒಂದು ಸಣ್ಣ ಕಪ್ ಗೆದ್ದೆವು. ಅದು ನಮ್ಮ ಮನೆಯ ಟಿವಿಯ ಮೇಲೆ ಇವತ್ತಿಗೂ ಇದೆ, ಒಂದು ಕಿವಿ ಮುರಿದುಕೊಂಡು.

ರಜೆಗೆ ಊರಿಗೆ ಹೋಗುವಾಗ ಅವನು ನನ್ನ ಜೊತೆಗೇ ಅಂಕೋಲೆಯ ಬಸ್ಸು ಹತ್ತುತ್ತಿದ್ದ. ಒಮ್ಮೆ ಅವನ ಮನೆಯ ಇಶಾಡ ಮಾವಿನ ಮರದ ಕತೆ ಹೇಳಿದ. ಹೂವು ನೋಡಿ ಒಂದು ವರ್ಷಕ್ಕೆ ಮರ ಗುತ್ತಿಗೆ ಹಿಡಿದವರು ಬಂದು, ಕೈಗೆ ಸಿಗದ ಕಾಯಿಗೆ ದೊಡ್ಡ ಕೊಂಬೆಯನ್ನೇ ಮುರಿದು ಹೋದರಂತೆ. ಎರಡು ವರ್ಷ ಆ ಕಡೆ ಹೂವೇ ಬಿಡಲಿಲ್ಲ. "ಒಂದ್ ವರ್ಷದವ್ರು ಕಾಯಿ ನೋಡ್ತ್ರು ಅಕ್ಕಾ, ಮರ ನೋಡೂದಿಲ್ಲ. ಐದ್ ವರ್ಷಕ್ಕೆ ಹಿಡಿದವ ಆಗಿದ್ರೆ ಬುಡಕ್ಕೆ ಗೊಬ್ಬರ ಹಾಕ್ತಿದ್ದ," ಎಂದ. ನಾನು ಕಿಟಕಿಯ ಹೊರಗೆ ನೋಡುತ್ತ ಹೂಂಗುಟ್ಟಿದೆ. ಆ ಮಾತು ಮುಂದೆ ಬೇಕಾದೀತೆಂದು ಆಗ ತಿಳಿದಿರಲಿಲ್ಲ.

ಮೂರನೆಯ ವರ್ಷದ ಮಳೆಗಾಲದಲ್ಲಿ ಚಪ್ಪರದ ಉತ್ಸಾಹ ಹೇಳತೀರದು. ಈ ಸಲ ಕಾರವಾರದ ಕಪ್ ನಮ್ಮದೇ ಎಂಬುದರಲ್ಲಿ ಅಪ್ಪನಿಗೂ ಸಂಶಯವಿರಲಿಲ್ಲ. ದಾದಾ ಹೊಸ ಟೀಶರ್ಟಿಗೆ ಬಣ್ಣ ಆರಿಸಿದ. ನಾನು ಹೊಸ ಸ್ಕೋರ್ ಪುಸ್ತಕಕ್ಕೆ ಕಾಕಿ ಕಾಗದದ ಹೊದಿಕೆ ಹಾಕಿ, ಎರಡು ಪೆನ್ಸಿಲ್ ಚೂಪು ಮಾಡಿ ಇಟ್ಟುಕೊಂಡು, ಮಳೆ ನಿಲ್ಲುವುದನ್ನೇ ಕಾಯುತ್ತಿದ್ದೆ.

ಚೌತಿಯ ಗಣಪತಿಯನ್ನು ನೀರಿಗೆ ಬಿಟ್ಟ ಮೂರನೆಯ ದಿನ ಬಿಸಿಲು ಬಂತು. ಬಯಲಿನಲ್ಲಿ ಹುಲ್ಲು ಮೊಣಕಾಲಿನವರೆಗಿತ್ತು, ಪಿಚ್ಚಿನ ಕೆಮ್ಮಣ್ಣು ಒತ್ತಿದರೆ ಬೆರಳು ಇಳಿಯುತ್ತಿತ್ತು. ಇನ್ನೆರಡು ವಾರ ಬಿಸಿಲು ಬೀಳಲಿ ಎಂದು ಅಗಸೂರಿನವನೇ ಹೇಳಿದ. ಯಾರು ಕೇಳಬೇಕು? ಹುಲ್ಲು ಕೊಯ್ದು, ಮರಳು ಚೆಲ್ಲಿ, ಕಲ್ಲಿನ ರೋಲರ್ ಉರುಳಿಸಿ ಆಟ ಶುರುಮಾಡಿಯೇಬಿಟ್ಟರು. ಅವನು ಮೆಲ್ಲಗೆ ಐದಾರು ಚೆಂಡು ಹಾಕಿ, ಸಾಕು ಎಂದು ಕೈ ಒರೆಸಿಕೊಂಡ.

"ಮಳೆಗಾಲ ಪೂರ್ತಿ ಕಾದದ್ದು ಇದಕ್ಕೇನೋ? ಒಂದಾದ್ರೂ ಜೋರಾಗಿ ಹಾಕೋ ತಮ್ಮಾ!" ಎಂದು ಕುರ್ಚಿಯಿಂದ ಕೂಗಿದವಳು ನಾನು.

ಅವನು ನಕ್ಕು ಹಿಂದಕ್ಕೆ ಹೋದ. ಆರನೆಯ ಹೆಜ್ಜೆ ಕೆಸರಿನಲ್ಲಿ ಜಾರಿತು. ಬಲಗೈ ಅಡಿಗೆ ಸಿಕ್ಕಿ ಇಡೀ ಮೈ ಅದರ ಮೇಲೆ ಬಿತ್ತು. ಏನೋ ಮುರಿದ ಶಬ್ದ ನನ್ನ ಕುರ್ಚಿಯ ತನಕ ಕೇಳಿಸಿತು. ಆ ಕೂಗು ನನ್ನದು, ಅದನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ.

ಕಾರವಾರದ ಆಸ್ಪತ್ರೆಯಲ್ಲಿ ಭುಜ ಕೂರಿಸಿದರು, ಪಟ್ಟಿ ಕಟ್ಟಿದರು, ಆರೈಕೆಯಲ್ಲಿ ಯಾರದೂ ಕೊರತೆ ಇರಲಿಲ್ಲ. ಆದರೆ ಕೈ ಕಿವಿಯಿಂದ ಮೇಲೆ ಏಳಲಿಲ್ಲ. ಉಣ್ಣಬಹುದು, ಬರೆಯಬಹುದು, ಬೌಲಿಂಗ್ ಇನ್ನಿಲ್ಲ, ಹಗ್ಗ ಎಳೆಯುವುದೂ ಇಲ್ಲ ಎಂದರು ಡಾಕ್ಟರು. ಅವನು ಸರಿ ಎಂದು ತಲೆ ಅಲ್ಲಾಡಿಸಿದ. ನಾನು ಹೊರಗೆ ಬಂದು ಕಂಬ ಹಿಡಿದುಕೊಂಡು ಅತ್ತೆ.

ದಸರೆ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಚಪ್ಪರದಲ್ಲಿ ಎಲ್ಲರೂ ಸೇರಿದರು. ಅವನನ್ನು ಕರೆದಿರಲಿಲ್ಲ. ನನ್ನನ್ನೂ ಕರೆದಿರಲಿಲ್ಲ, ಆದರೆ ನಾನು ಕರೆಯದಿದ್ದರೂ ಹೋಗುವವಳು. ಸೆರಗಿನ ಗಂಟಿನಲ್ಲಿ ಆ ಕರಾರಿನ ಹಾಳೆ ಇತ್ತು.

ದಾದಾ ಕೆಟ್ಟವನಲ್ಲ, ಅವನಿಗೆ ಕಪ್ ಬೇಕಿತ್ತು ಅಷ್ಟೆ. ಗೋವಾ ಕಡೆಯ ಒಬ್ಬ ಹೆಸರಾಂತ ಬೌಲರ್ ಈ ಒಂದು ವರ್ಷಕ್ಕೆ ಬರುತ್ತೇನೆ ಎಂದಿದ್ದ, ಅವನಿಗೂ ಹಗ್ಗದಲ್ಲಿ ಒಂದು ಪಾಲು ಬೇಕು. ಇರುವುದೇ ಇಷ್ಟು ಮೀನು, ಆಡದವನಿಗೊಂದು ಆಡುವವನಿಗೊಂದು ಎಲ್ಲಿಂದ ತರುವುದು? "ಬಲೆಯೂ ಅಲ್ಲಲ್ಲಿ ಹರಿದು ಪಿಸಿದಿದೆ. ಇದಾಯ್ತು ಅಂತ ತೆಗೆದು ಹಾಕುವಾ. ಬಲೆ ಹೋದ್ರೆ ಮಾತೂ ಹೋಯ್ತು, ಯಾರಿಗೂ ಮೋಸ ಮಾಡಿದ ಹಾಗೆ ಆಗೂದಿಲ್ಲ," ಎಂದ. ನಾಲ್ಕೈದು ತಲೆಗಳು ಅಲ್ಲಾಡಿದವು.

ನನಗೆ ಮೈಯೆಲ್ಲ ಉರಿದುಹೋಯಿತು. "ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ, ಅಲ್ಲವೇ?" ಎಂದೆ. "ಅವನ ಕೈ ಹೋದದ್ದು ನಮ್ಮ ಅವಸರಕ್ಕೆ. ನಾನು ಕೂಗಿದ್ದಕ್ಕೆ. ಎರಡು ವರ್ಷ ಕಾಯಿ ಕೊಯ್ದು ತಿಂದಿರಿ, ಈಗ ಕೊಂಬೆ ಮುರಿದ ಕೂಡಲೇ ಮರವೇ ಬೇಡ. ಮೂರನೇ ವರ್ಷಕ್ಕೇ ಬಲೆಯ ಆಯುಷ್ಯ ಮುಗಿಯಿತು ಅಂತ ಹೇಳುವ ಬಾಯಿಗೆ ನಾಚಿಕೆ ಬೇಡವಾ?"

"ನಿಂಗೆ ಸರಕಾರಿ ಕೆಲಸ ಇದೆ, ನೀ ಮಾತಾಡ್ತೀ," ಎಂದ ದಾದಾ.

"ಹೌದು, ಇದೆ. ಅಲ್ಲಿ ನನ್ನ ಹತ್ರ ಯಾರೂ ಒಂದು ವರ್ಷಕ್ಕೆ ಬಾ ಅನ್ನಲಿಲ್ಲ. ಮುದುಕಿಯಾಗುವ ತನಕ ಇರು ಅಂದ್ರು. ನಾಳೆ ನನ್ನ ಬೆರಳು ಮುರಿದ್ರೆ ಮನೆಗೆ ಕಳಿಸೂದಿಲ್ಲ. ನನಗೊಂದು ನ್ಯಾಯ, ಅವನಿಗೊಂದಾ?"

ಕೊನೆಗೆ ಎಲ್ಲರೂ ಅಪ್ಪನ ಮುಖ ನೋಡಿದರು. ಅಪ್ಪ ಬಲೆಯನ್ನು ಮಡಿಲಿಗೆ ಎಳೆದುಕೊಂಡು ಕೈಯಾಡಿಸಿದ. "ಕೂತು ಹೆಣೆಯುವವರು ಇರುವ ತನಕ ಬಲೆ ಬಲೆಯೇ," ಎಂದ. "ಹೆಣೆಯುವವರು ಯಾರು, ಅದನ್ನ ಹೇಳಿ."

"ನಾನು," ಎಂದೆ. ನನಗೆ ಹೆಣೆಯಲು ಬರುತ್ತಿರಲಿಲ್ಲ.

ಆ ದಿನವೇ ಹೋಗಿ ಅವನಿಗೆ ಹೇಳಿದೆ. ಅವನು ಬೇಡ ಎಂದ, ನಾ ಊರಿಗೆ ಹೋತೆ ಅಕ್ಕಾ ಎಂದ. "ಹೋಗಲಿಕ್ಕೆ ನೀನು ಯಾರು? ಬಲೆ ಇರುವವರೆಗೆ ನೀನು ನಮ್ಮವನು, ಸಹಿ ಹಾಕಿದ್ದೀ," ಎಂದು ಗದರಿಸಿ ಚಪ್ಪರಕ್ಕೆ ಕರೆದುಕೊಂಡು ಬಂದೆ. ಅಪ್ಪ ನಮ್ಮಿಬ್ಬರನ್ನೂ ಎದುರು ಬದುರು ಕೂರಿಸಿ ಕಲಿಸಿದ. ಬಲಗೈ ಬೇಗ ಸೋಲುತ್ತಿತ್ತೆಂದು ಅವನು ಎಡಗೈಯಲ್ಲಿ ಸೂಜಿ ಹಿಡಿದ, ಅವನ ಗಂಟುಗಳೆಲ್ಲ ಉಳಿದವರ ಗಂಟಿಗೆ ಉಲ್ಟಾ ಬೀಳುತ್ತಿದ್ದವು. ಆದರೆ ಗಟ್ಟಿ ಇದ್ದವು. ನನ್ನವು ಸೊಟ್ಟ, ಬಲೆಯ ಒಂದು ಕಣ್ಣು ದೊಡ್ಡದು ಒಂದು ಸಣ್ಣದು. ಬೆಳಿಗ್ಗೆ ಬಸ್ಸಿಗೆ ಮೊದಲು ಒಂದು ಗಂಟೆ, ಭಾನುವಾರ ಇಡೀ ದಿನ. ಕೇರಿಯಲ್ಲಿ ಏನೇನು ಆಡಿಕೊಂಡರೋ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಫೀಸಿನಲ್ಲಿ ನನ್ನ ಬೆರಳಿನ ಗಾಯ ನೋಡಿ ಮೇಡಂ ಅಡಿಗೆ ಮಾಡಲು ಈಗ ಕಲಿಯುತ್ತಿದ್ದಾರೆ ಎಂದು ನಕ್ಕರು.

ದಾದಾ ತಿಂಗಳುಗಟ್ಟಲೆ ನನ್ನ ಜೊತೆ ಮಾತು ಬಿಟ್ಟ. ತನ್ನ ಪಾಲಿನಲ್ಲೇ ಅರ್ಧ ಕೊಡುತ್ತೇನೆಂದು ಹೇಳಿ ಆ ಗೋವಾದವನನ್ನು ಕರೆಸಿಯೇಬಿಟ್ಟ. ಒಳ್ಳೆಯ ಬೌಲರ್, ಇಲ್ಲವೆನ್ನುವುದಿಲ್ಲ. ಕಾರವಾರದ ಪಂದ್ಯಾವಳಿಯಲ್ಲಿ ಸೆಮಿಫೈನಲ್ ತನಕ ಎಳೆದುಕೊಂಡು ಹೋದ. ಸೆಮಿಫೈನಲ್ಲಿನ ದಿನ ಬೆಳಿಗ್ಗೆ ಬರಲಿಲ್ಲ. ಬೇರೊಂದು ಊರಿನಲ್ಲಿ ಅದೇ ದಿನ ಬೇರೆ ತಂಡಕ್ಕೆ ಫೈನಲ್ ಆಡುತ್ತಿದ್ದಾನೆ ಎಂದು ಮಧ್ಯಾಹ್ನ ಗೊತ್ತಾಯಿತು. ನಾವು ಸೋತೆವು. ದಾದಾ ಬ್ಯಾಟು ಕೆಳಗಿಡದೆ ಬಹಳ ಹೊತ್ತು ಮಣ್ಣಿನ ಮೇಲೆ ಕೂತಿದ್ದ. ಭುಜ ಮುರಿದವನು ಹೋಗಿ ಅವನ ಪಕ್ಕ ಕೂತು ನೀರಿನ ಬಾಟಲಿ ಕೊಟ್ಟ. ನಾನು ಪುಸ್ತಕ ಮಡಚಿಟ್ಟೆ.

ಆ ಮೇಲಿನ ವರ್ಷ ದಾದಾ ಹೊರಗಿನವರನ್ನು ಕರೆಸಲಿಲ್ಲ. ಹನ್ನೊಂದು ಜನರ ಪಟ್ಟಿಯ ಕೆಳಗೆ ಹನ್ನೆರಡನೆಯವನಾಗಿ ನಾನು ಅಗಸೂರಿನವನ ಹೆಸರು ಬರೆಯುತ್ತಿದ್ದೆ. ದಾದಾ ನೋಡಿಯೂ ನೋಡದವನಂತೆ ಇರುತ್ತಿದ್ದ. ಅವನೋ ನನ್ನ ಕುರ್ಚಿಯ ಪಕ್ಕ ನಿಂತು ಎದುರಾಳಿ ಬ್ಯಾಟ್ ಹಿಡಿಯುವುದನ್ನು ನೋಡಿ, ಚೆಂಡು ಎಲ್ಲಿ ಬೀಳಬೇಕೆಂದು ಎಡಗೈಯಲ್ಲಿ ತೋರಿಸುತ್ತಿದ್ದ. ಹಾಗೆ ಮಾಡಿ ಗೆದ್ದೆವು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಗೆಲ್ಲಲಿಲ್ಲ. ಕಾರವಾರದಲ್ಲಿ ಮೊದಲ ಸುತ್ತಿನಲ್ಲೇ ಸೋತೆವು, ಅಂಕೋಲೆಯಲ್ಲಿ ಎರಡನೆಯದರಲ್ಲಿ. ಕುಂಟನನ್ನು ಕಟ್ಟಿಕೊಂಡು ಓಟಕ್ಕೆ ಹೊರಟ ತಂಡ ಎಂದು ಮೈಕಿನಲ್ಲೇ ಒಬ್ಬ ಹಾಸ್ಯ ಮಾಡಿದ. ನಾನು ಕುರ್ಚಿ ಬಿಟ್ಟು ಹೋಗಿ ಅವನ ಕೈಯಿಂದ ಮೈಕು ಕಿತ್ತುಕೊಂಡು, ನಿಮ್ಮ ತಂಡದಲ್ಲಿ ಹೋದ ವರ್ಷದವರು ಎಷ್ಟು ಜನ ಇದ್ದಾರೆ ಹೇಳಿ ಎಂದು ಕೇಳಿದೆ. ಇಡೀ ಮೈದಾನ ನಕ್ಕಿತು, ಯಾರನ್ನು ನೋಡಿ ನಕ್ಕಿತೋ ಗೊತ್ತಿಲ್ಲ.

ಅದೇ ಹೊತ್ತಿಗೆ ಟಿವಿಯಲ್ಲಿ ಆಟಗಾರರನ್ನು ಹರಾಜು ಹಾಕುವುದು ಶುರುವಾಗಿತ್ತು. ಆಯಿ ದಂಡೆಯ ಮೇಲೆ ಬಂಗಡೆ ಹರಾಜಿನಲ್ಲಿ ಬೆಳೆದವಳು. ಅದನ್ನು ನೋಡಿ, "ಮೀನಿಗಾದ್ರೆ ಸರಿ, ಸಂಜೆಗೆ ಹಾಳಾಗ್ತದೆ. ಮನುಷ್ಯರಿಗೆ ಯಾಕೆ ಇಷ್ಟು ಗಡಿಬಿಡಿ?" ಎಂದಳು. ನಾನು ಇಷ್ಟೆಲ್ಲ ವಾದ ಮಾಡಿ ಹೇಳಿದ್ದನ್ನು ಅವಳು ಮೀನು ಕೊಯ್ಯುತ್ತ ಹೇಳಿ ಮುಗಿಸಿದಳು.

ಬಲೆಗೆ ಆರನೆಯ ವರ್ಷ. ಮಳೆಗಾಲದಲ್ಲಿ ಎಂದಿನಂತೆ ಚಪ್ಪರದಲ್ಲಿ ಕೂತೇ ಎಲ್ಲ ಕಪ್‌ಗಳನ್ನೂ ಗೆದ್ದು ಮುಗಿಸಿದ್ದೆವು. ಚೌತಿಯ ನಂತರದ ಒಂದು ಶನಿವಾರ ಹೊಸ ಪಟ್ಟಿ ಬರೆಯುವುದೆಂದು ನಿಗದಿಯಾಗಿತ್ತು. ಆ ಮಧ್ಯಾಹ್ನ ಅಂಕೋಲೆಯಿಂದ ಬಂದು ಬಸ್ಸು ಇಳಿದರೆ, ಮೀನು ಮಾರುವ ಹೆಂಗಸರು ಸುಮ್ಮನೆ ನಿಂತಿದ್ದರು. ಒಬ್ಬಳು ನನ್ನ ಕೈ ಹಿಡಿದು, ಬಲೆ ಹೋಯಿತು ಎಂದಳು. ಬೆಳಿಗ್ಗೆ ಬಿಟ್ಟ ಬಲೆ ನೀರಿನಡಿ ಬಂಡೆಗೋ ಯಾವುದಕ್ಕೋ ಸಿಕ್ಕಿಕೊಂಡಿತಂತೆ. ಸಮುದ್ರ ಒಮ್ಮೆಲೇ ಏರಿತಂತೆ. ಎರಡೂ ಹಗ್ಗ ಕಡಿದು, ಬಲೆ ಚೂರು ಚೂರಾಗಿ ಸೆಳೆತಕ್ಕೆ ಹೋಯಿತಂತೆ. ಜೀವಕ್ಕೆ ಯಾರಿಗೂ ಏನೂ ಆಗಿರಲಿಲ್ಲ.

ಮನೆಗೆ ಬಂದರೆ ಅವನು ನಮ್ಮ ಜಗುಲಿಯ ಮೇಲೆ ಕೂತಿದ್ದ, ಪಕ್ಕದಲ್ಲಿ ಬಟ್ಟೆಯ ಚೀಲ. "ಬಲೆ ಹೋಯ್ತಲ್ಲ ಅಕ್ಕಾ. ನಿಂಗೆ ಹೇಳಿ ಹೋಗ್ವಾ ಅಂತ ಕೂತೆ. ಆರ್ ವರ್ಷ ಉಂಡೆ, ಸಾಕಲ್ಲ," ಎಂದ.

ಊರೆಲ್ಲರ ಬಾಯಿ ಮುಚ್ಚಿಸಿದವಳು ನಾನು; ಆದರೆ ಆ ಹಾಳೆ ಬರೆದವಳೂ ನಾನೇ. ಬಲೆ ಇರುವವರೆಗೆ. ನನ್ನ ಅಕ್ಷರವೇ ನನಗೆ ತಿರುಗಿ ನಿಂತಿತು. ಒಳಗೆ ಹೋಗಿ ಸ್ಕೋರ್ ಪುಸ್ತಕ ತಂದೆ, ಯಾಕೆ ತಂದೆನೋ, ಅದನ್ನು ತೊಡೆಯ ಮೇಲಿಟ್ಟುಕೊಂಡು ಅವನ ಪಕ್ಕ ಕೂತೆ. ಅಪ್ಪ ಬಾಗಿಲಲ್ಲಿ ನಿಂತಿದ್ದ.

ಸ್ವಲ್ಪ ಹೊತ್ತಿಗೆ ದಾದಾ ದಂಡೆಯ ಕಡೆಯಿಂದ ಬಂದ. ತಲೆಯಿಂದ ಕಾಲಿನ ತನಕ ನೀರು ಇಳಿಯುತ್ತಿತ್ತು, ತುಟಿ ಬೆಳ್ಳಗಾಗಿತ್ತು. ಎಲ್ಲರೂ ಮೇಲೆ ಬಂದ ಮೇಲೆ ಇವನೊಬ್ಬನೇ ಸಣ್ಣ ದೋಣಿ ತೆಗೆದುಕೊಂಡು ಬಲೆ ಸಿಕ್ಕಿಕೊಂಡ ಜಾಗಕ್ಕೆ ಮತ್ತೆ ಹೋಗಿದ್ದನಂತೆ, ಮುಳುಗಿ ಮುಳುಗಿ ಕೈಗೆ ಸಿಕ್ಕಿದ್ದನ್ನು ಕೊಯ್ದು ತಂದಿದ್ದನಂತೆ. ಕಂಕುಳಲ್ಲಿದ್ದ ಒದ್ದೆ ಮುದ್ದೆಯನ್ನು ಜಗುಲಿಯ ಮೇಲೆ, ಸರಿಯಾಗಿ ಆ ಬಟ್ಟೆಯ ಚೀಲದ ಮೇಲೆಯೇ ಹಾಕಿದ. ಪಂಚೆಯಷ್ಟು ಅಗಲದ ಬಲೆಯ ತುಂಡು.

"ಬಲೆ ಹೋಯ್ತು ಅಂತ ಯಾರು ಹೇಳಿದ್ದು?" ಎಂದ ದಾದಾ. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. "ಅಪ್ಪಾ, ಇದು ಬಲೆ ಹೌದಾ ಅಲ್ವಾ?"

ಅಪ್ಪ ಬಗ್ಗಿ ತುಂಡನ್ನು ಎತ್ತಿ ಬೆಳಕಿಗೆ ಹಿಡಿದ. ಉಲ್ಟಾ ಬಿದ್ದ ಗಟ್ಟಿ ಗಂಟುಗಳು, ನಡುನಡುವೆ ನನ್ನ ಸೊಟ್ಟ ಕಣ್ಣುಗಳು. "ಹೌದು," ಎಂದ ಅಪ್ಪ. "ಇದು ನಮ್ಮದೇ ಬಲೆ."

ದಾದಾ ನನ್ನ ಕಡೆ ತಿರುಗಿದ. "ಏನು ನೋಡ್ತೀ? ಪುಸ್ತಕ ತೆಗೆ. ಮೊದಲು ಅವನ ಹೆಸರು ಬರಿ."

ನಾನು ಬರೆದೆ. ಹನ್ನೆರಡನೆಯದಾಗಿ ಅಲ್ಲ, ಎಲ್ಲರಿಗಿಂತ ಮೇಲೆ. ಪೆನ್ಸಿಲ್ ಒತ್ತಿದ ರಭಸಕ್ಕೆ ಕೆಳಗಿನ ಹಾಳೆಯಲ್ಲೂ ಅವನ ಹೆಸರು ಮೂಡಿತು. ಅವನು ಎಡಗೈಯಲ್ಲಿ ಆ ತುಂಡಿನ ಹರಿದ ಅಂಚು ಹಿಡಿದು, ಸೂಜಿ ಎಲ್ಲಿದೆ ಎಂದು ಅಪ್ಪನನ್ನು ಕೇಳಿದ.

ಆ ವರ್ಷವೂ ಕಾರವಾರದ ಕಪ್ ನಮಗೆ ಬರಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಒಬ್ಬ ಆಟಗಾರನಿಗೆ ಅಷ್ಟು ಉದ್ದದ ಮಾತು ಕೊಟ್ಟದ್ದು ಮೂರ್ಖತನವಲ್ಲವೇ ಎಂದು ಈಗಲೂ ಕೇಳುವವರಿದ್ದಾರೆ. ಕೇಳಲಿ. ಬಲೆಯ ಆ ತುಂಡು ನಮ್ಮ ಹಿತ್ತಿಲಲ್ಲಿ ಹಾಗಲಬಳ್ಳಿಗೆ ಚಪ್ಪರವಾಗಿ ನಿಂತಿದೆ. ಅವನು ಈಗ ಅಗಸೂರಿಗೆ ಮರಳಿದ್ದಾನೆ. ಆದರೂ ಪ್ರತಿ ವರ್ಷ ಮಳೆಗಾಲ ಮುಗಿದು ದೋಣಿ ನೀರಿಗಿಳಿದ ಮೇಲೆ ಬಂದು ಪಿಸಿದ ಕಣ್ಣುಗಳನ್ನು ಎಡಗೈಯಲ್ಲಿ ಹೆಣೆದು ಹೋಗುತ್ತಾನೆ, ಹೋಗುವಾಗ ದಾದಾ ಅವನ ಚೀಲಕ್ಕೆ ಅವನ ಪಾಲಿನ ಮೀನು ಹಾಕುತ್ತಾನೆ. ಬಲೆ ಇನ್ನೂ ಇದೆ.